ಮಾದರಿಯಿಂದ ಮುಗಿಲಿಗೆ: ವಿಮಾನಶಿಲ್ಪಿ ವಿಷ್ಣು ಮಾಧವ ಘಾಟಗೆ

ಸಹ್ಯಾದ್ರಿಯ ಆಂಬೋಲಿ ಬಳಿ ಹುಟ್ಟುವ ಹಿರಣ್ಯಕೇಶಿ ನದಿಯು ಆಜರಾ, ಗಡಹಿಂಗ್ಲಜಗಳನ್ನು ಹಾಯ್ದು ಹುಕ್ಕೇರಿ ತಾಲ್ಲೂಕಿನ ಸಂಕೇಶ್ವರವನ್ನು ಮುಟ್ಟುತ್ತದೆ. ಮುಂದೆ ಅದು ಘಟಪ್ರಭೆಯನ್ನು ಕೂಡುತ್ತದೆ. ಗೋಕಾಕ, ಅರಭಾವಿ ಸೀಮೆಯ ಕಬ್ಬಿನ ಗದ್ದೆಗಳಿಗೆ ಹರಿಯುವ ನೀರಿನಲ್ಲಿ ಈ ಪುಟ್ಟ ನದಿಯ ಪಾಲೂ ಇದೆ. ಇದೇ ಗಡಿಸೀಮೆಯ, ಹುಕ್ಕೇರಿಗೆ ನೆರೆಯದಾದ ಗಡಹಿಂಗ್ಲಜ ತಾಲ್ಲೂಕಿನ ಹಸೂರಚಂಪು ಎಂಬ ಹಳ್ಳಿಯಲ್ಲಿ 1908ರ ಅಕ್ಟೋಬರ್ 24ರಂದು ವಿಷ್ಣು ಮಾಧವ ಘಾಟಗೆ ಜನಿಸಿದರು. ಭಾರತೀಯರೇ ರೂಪಿಸಿ, ಭಾರತದಲ್ಲಿಯೇ ಕಟ್ಟಿ, ಸಾಲುಸಾಲಾಗಿ ಕಾರ್ಖಾನೆಯಿಂದ ಹೊರತಂದ ಮೊದಲ ವಿಮಾನದ ವಿನ್ಯಾಸಕಾರರು ಇವರು. ಬದುಕಿನ ಬಹುಭಾಗವನ್ನು ಬೆಂಗಳೂರಿನಲ್ಲಿ ಕಳೆದರು. ಆದರೂ ಅವರು ಹುಟ್ಟಿದ ಸೀಮೆಯಲ್ಲಿ ಅವರ ಹೆಸರು ಬಲ್ಲವರು ವಿರಳ.

ಘಾಟಗೆ ಹುಟ್ಟಿದಾಗ ರೈಟ್ ಸೋದರರ ಮೊದಲ ಹಾರಾಟ ನಡೆದು ಐದು ವರ್ಷವೂ ತುಂಬಿರಲಿಲ್ಲ. ಮನೆಯಲ್ಲಿ ಅನುಕೂಲ ಅಷ್ಟಕ್ಕಷ್ಟೆ. ಅಂಥ ಕುಟುಂಬದ ಹುಡುಗ ಪುಣೆ, ಮುಂಬೈಗಳಲ್ಲಿ ಉಚ್ಚ ಶಿಕ್ಷಣ ಮುಗಿಸಿ ಜರ್ಮನಿಯ ಗಟ್ಟಿಂಗೆನ್ ವಿಶ್ವವಿದ್ಯಾಲಯವನ್ನು ತಲುಪಿದುದು ಓದಿನ ಬಲವೊಂದರಿಂದಲೇ. ಅಲ್ಲಿ ಅವರಿಗೆ ಗುರುವಾಗಿ ದೊರೆತವರು ಲುಡ್ವಿಗ್ ಪ್ರಾಂಟ್ಲ್. ಆಧುನಿಕ ವಾಯುಚಲನ ಶಾಸ್ತ್ರದ ಪಿತಾಮಹ ಎಂದು ಪ್ರಪಂಚವೇ ಒಪ್ಪಿಕೊಂಡಿರುವ ವ್ಯಕ್ತಿ ಅವರು. 1936ರಲ್ಲಿ ಘಾಟಗೆ ಅವರ ಬಳಿ ಡಾಕ್ಟರೇಟ್ ಪಡೆದರು.

ಗುರುವಿನ ಮನೆಯಲ್ಲಿ ಕಲಿತ ಪಾಠ

ಪ್ರಾಂಟ್ಲ್ ಅವರ ಕೀರ್ತಿಗೆ ಮೂಲವಾದುದು 1904ರಲ್ಲಿ ಅವರು ಮಂಡಿಸಿದ ಕೆಲವೇ ಪುಟಗಳ ಪ್ರಬಂಧ. ತುಂಬಿ ಹರಿಯುವ ಹೊಳೆಯನ್ನು ದಡದಲ್ಲಿ ನಿಂತು ನೋಡಿದವರಿಗೆ ಅದರ ತಿರುಳು ಸುಲಭವಾಗಿ ಹೊಳೆದೀತು. ನಡುಹೊಳೆಯಲ್ಲಿ ನೀರು ರಭಸದಿಂದ ಸಾಗುತ್ತದೆ, ದಡಕ್ಕೆ ತಾಗಿದ ನೀರು ಮಾತ್ರ ಬಹುತೇಕ ನಿಂತಂತೆಯೇ ಇರುತ್ತದೆ. ಹಾರುವ ವಿಮಾನದ ರೆಕ್ಕೆಯ ಮೇಲೂ ಹೀಗೆಯೇ. ರೆಕ್ಕೆಯ ಮೈಗೆ ಅಂಟಿದ ಗಾಳಿ ಅಲ್ಲಿಯೇ ತಂಗುತ್ತದೆ. ಅದರ ಮೇಲಿನದು ತುಸು ಜಾರುತ್ತದೆ, ಅದಕ್ಕೂ ಮೇಲಿನದು ಇನ್ನಷ್ಟು ವೇಗ ಪಡೆಯುತ್ತದೆ. ಕಾಗದದಷ್ಟು ತೆಳುವಾದ ಈ ಪದರವೇ ವಿಮಾನಕ್ಕೆ ಎದುರಾಗುವ ಎಳೆತವೆಷ್ಟು, ರೆಕ್ಕೆ ಯಾವ ಕೋನದಲ್ಲಿ ಎತ್ತುಬಲವನ್ನು ಕಳೆದುಕೊಳ್ಳುತ್ತದೆ ಎಂಬುದನ್ನೆಲ್ಲ ನಿರ್ಧರಿಸುತ್ತದೆ.

ಪುಟ್ಟ ಮಾದರಿಗಳನ್ನು ಕಟ್ಟಿ ದೊಡ್ಡ ವಿಮಾನದ ಗುಣವನ್ನು ಅಳೆಯಹೊರಟವರನ್ನು ಕಾಡಿದುದೂ ಇದೇ ಪದರ. 1910ರ ದಶಕದ ಆರಂಭದಲ್ಲಿ ಗಟ್ಟಿಂಗೆನ್‌ನ ವಾಯುಸುರಂಗದಲ್ಲಿ ಒಂದು ಗೋಲದ ಮೇಲೆ ಗಾಳಿಯ ಎಳೆತವನ್ನು ಅಳೆಯಲಾಯಿತು. ಪ್ಯಾರಿಸ್‌ನಲ್ಲಿ ಗೋಪುರಖ್ಯಾತಿಯ ಗುಸ್ತಾವ್ ಐಫೆಲ್ ಅವರೂ ಅದನ್ನೇ ಅಳೆದರು. ಐಫೆಲ್ ಅವರ ಲೆಕ್ಕದಲ್ಲಿ ಬಂದ ಎಳೆತದ ಗುಣಾಂಕ ಜರ್ಮನರ ಲೆಕ್ಕದ ಅರ್ಧಕ್ಕಿಂತಲೂ ಕಡಿಮೆ! ಯಾರೋ ಒಬ್ಬರು ತಪ್ಪಿದ್ದಾರೆಂದು ಎಲ್ಲರೂ ಎಣಿಸಿದರು. ಇಬ್ಬರೂ ಸರಿ ಎಂಬುದನ್ನು 1914ರಲ್ಲಿ ಪ್ರಾಂಟ್ಲ್ ತೋರಿಸಿಕೊಟ್ಟರು. ಐಫೆಲ್ ಹೆಚ್ಚು ವೇಗದ ಗಾಳಿಯನ್ನು ಬಳಸಿದ್ದರು. ಆ ವೇಗದಲ್ಲಿ ಗೋಲದ ಮೈಗಂಟಿದ ಪದರ ಪ್ರಕ್ಷುಬ್ಧಗೊಂಡು, ಗೋಲವನ್ನು ಇನ್ನಷ್ಟು ದೂರ ಅಪ್ಪಿಕೊಂಡು ಸಾಗುತ್ತಿತ್ತು. ಹಿಂಬದಿಯ ಸುಳಿ ಕಿರಿದಾಗಿ ಎಳೆತ ತಗ್ಗುತ್ತಿತ್ತು. ಪ್ರಾಂಟ್ಲ್ ಗೋಲದ ಸುತ್ತ ತೆಳುವಾದ ಒಂದು ತಂತಿಯನ್ನು ಬಿಗಿದರು. ನಿಧಾನದ ಗಾಳಿಯಲ್ಲಿಯೂ ಪದರ ಕಲಕಿ, ಎಳೆತ ತಗ್ಗಿತು. ನುಣುಪಾದ ವಸ್ತುವಿಗೆ ತಂತಿ ಸುತ್ತಿದರೆ ತಡೆ ಕಡಿಮೆಯಾಗುತ್ತದೆ ಎಂಬ ಮಾತನ್ನು ನಂಬುವುದು ಇಂದಿಗೂ ಕಷ್ಟವೇ.

ಮಾದರಿ ವಿಮಾನ ಕಟ್ಟುವವರೆಲ್ಲರಿಗೂ ಈ ಪ್ರಸಂಗ ಒಂದು ಎಚ್ಚರಿಕೆ. ಹತ್ತನೇ ಒಂದರಷ್ಟು ಗಾತ್ರದ ಮಾದರಿಯ ಮೇಲೆ ನಿಜವಾದ ವಿಮಾನದಷ್ಟೇ ವೇಗದ ಗಾಳಿಯನ್ನು ಬಿಟ್ಟರೆ, ಅದರ ಮೈಗಂಟಿದ ಪದರ ನಿಜವಾದ ವಿಮಾನದಂತೆ ವರ್ತಿಸುವುದಿಲ್ಲ. ಎರಡನ್ನೂ ಸರಿದೂಗಿಸಲು ಗಾಳಿಯ ವೇಗವನ್ನು ಹತ್ತುಪಟ್ಟು ಏರಿಸಬೇಕು. ಗಂಟೆಗೆ 200 ಕಿಲೋಮೀಟರ್ ಹಾರುವ ಸಾಧಾರಣ ತರಬೇತಿ ವಿಮಾನಕ್ಕೂ ಗಂಟೆಗೆ 2,000 ಕಿಲೋಮೀಟರ್ ವೇಗದ ಗಾಳಿ ಬೇಕಾದೀತು. ಅದು ಶಬ್ದದ ವೇಗವನ್ನೂ ಮೀರಿದುದು, ಅಲ್ಲಿ ಗಾಳಿಯ ನಡತೆಯೇ ಬೇರೆ. ಹೀಗಾಗಿ ಮಾದರಿ ಕೊಡುವ ಅಂಕಿಗಳನ್ನು ಇದ್ದಕ್ಕಿದ್ದಂತೆ ಒಪ್ಪುವಂತಿಲ್ಲ, ಅವುಗಳನ್ನು ತಿದ್ದಿ ಓದುವ ವಿದ್ಯೆ ಬೇಕು. ಘಾಟಗೆ ಗಟ್ಟಿಂಗೆನ್‌ನಿಂದ ಹೊತ್ತು ತಂದುದು ಆ ವಿದ್ಯೆಯನ್ನು.

ಆದರೆ ತಂದ ವಿದ್ಯೆಯನ್ನು ಇಳಿಸಲು ಜಾಗವಿರಲಿಲ್ಲ. 1936ರ ಭಾರತದಲ್ಲಿ ವಿಮಾನ ಕಾರ್ಖಾನೆ ಒಂದೂ ಇರಲಿಲ್ಲ. ವಿಮಾನಶಾಸ್ತ್ರ ಕಲಿಸುವ ವಿಭಾಗವೂ ಇರಲಿಲ್ಲ. ಜಗತ್ತಿನ ಅತ್ಯುತ್ತಮ ಶಾಲೆಯಲ್ಲಿ ಕಲಿತ ಯುವಕ ನಾಲ್ಕು ವರ್ಷ ಕಾಯಬೇಕಾಯಿತು.

ಬೆಂಗಳೂರಿನ ಕಾರ್ಖಾನೆ

ಕಾಯುವಿಕೆಯನ್ನು ಮುಗಿಸಿದುದು ಎರಡನೇ ಮಹಾಯುದ್ಧ. ಹಡಗು ಉದ್ಯಮಿ ವಾಲಚಂದ ಹಿರಾಚಂದ್ ಅವರು 1939ರಲ್ಲಿ ವಿಮಾನಪ್ರಯಾಣವೊಂದರ ನಡುವೆ ಅಮೆರಿಕದ ವಿಮಾನ ವ್ಯಾಪಾರಿ ವಿಲಿಯಂ ಪಾಲಿ ಅವರನ್ನು ಕಂಡು, ಭಾರತದಲ್ಲಿ ವಿಮಾನ ಕಾರ್ಖಾನೆ ತೆರೆಯುವ ಮಾತು ತೆಗೆದರು. ಬೇರೆಡೆ ಉತ್ಸಾಹ ಕಾಣದಿದ್ದಾಗ ಮೈಸೂರು ಸಂಸ್ಥಾನ ಮುಂದೆ ಬಂದಿತು. ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್ ಅವರ ಆಸಕ್ತಿಯಿಂದ ಬೆಂಗಳೂರಿನ ಪೂರ್ವಕ್ಕೆ ಜಮೀನು ದೊರೆಯಿತು, ಸಂಸ್ಥಾನ ಬಂಡವಾಳವನ್ನೂ ಹೂಡಿತು. 1940ರ ಡಿಸೆಂಬರ್ 23ರಂದು ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ನೋಂದಣಿಯಾಯಿತು. ಘಾಟಗೆ ಅಲ್ಲಿ ಸೇರಿದರು.

ಕಾರ್ಖಾನೆ ಆರಂಭದಲ್ಲಿ ಅಮೆರಿಕದಿಂದ ಬಂದ ಭಾಗಗಳನ್ನು ಜೋಡಿಸುತ್ತಿತ್ತು. 1941ರ ಆಗಸ್ಟ್‌ನಲ್ಲಿ ಹಾರ್ಲೋ ತರಬೇತಿ ವಿಮಾನ, 1942ರ ಜುಲೈನಲ್ಲಿ ಕರ್ಟಿಸ್ ಹಾಕ್ ಯುದ್ಧವಿಮಾನ ಹಾರಿದವು. ಈ ನಡುವೆ ಘಾಟಗೆ ಮತ್ತು ಕೆಲವೇ ಯುವ ಎಂಜಿನಿಯರುಗಳು ಸ್ವಂತ ವಿನ್ಯಾಸವೊಂದಕ್ಕೆ ಕೈಹಾಕಿದರು. ಅದು ಎಂಜಿನ್ ಇಲ್ಲದ, ಹತ್ತು ಜನ ಸೈನಿಕರನ್ನು ಹೊತ್ತೊಯ್ಯಬಲ್ಲ ಜಿ-1 ಎಂಬ ಗ್ಲೈಡರ್. ಇನ್ನೊಂದು ವಿಮಾನಕ್ಕೆ ಹಗ್ಗ ಕಟ್ಟಿ ಎಳೆದೊಯ್ದು ಆಕಾಶದಲ್ಲಿ ಬಿಡುವಂಥದು. ಗ್ಲೈಡರ್ ಹಾರಿತು. ಭಾರತೀಯ ವಿನ್ಯಾಸಕಾರನ ಕಾಗದದ ಮೇಲಿನ ಗೆರೆಗಳು ಆಕಾಶ ಕಂಡುದು ಅದೇ ಮೊದಲು ಎನ್ನಬೇಕು.

ಅಲ್ಲಿಗೆ ಅದು ನಿಂತೂ ಹೋಯಿತು. ಗ್ಲೈಡರಿನ ಸಾಲು ತಯಾರಿಕೆ ನಡೆಯಲಿಲ್ಲ. ಜಪಾನಿನ ಸೇನೆ ಬರ್ಮಾವನ್ನು ವಶಪಡಿಸಿಕೊಂಡ ಮೇಲೆ ಸರ್ಕಾರಕ್ಕೆ ಬೇಕಾದುದು ಹೊಸ ವಿಮಾನಕ್ಕಿಂತ ಹೆಚ್ಚಾಗಿ ಹಳೆಯದರ ರಿಪೇರಿ. 1942ರಲ್ಲಿ ಕಾರ್ಖಾನೆಯ ಆಡಳಿತ ಸರ್ಕಾರದ ಕೈಗೆ ಹೋಯಿತು. ಮರುವರ್ಷ ಅದು ಅಮೆರಿಕದ ವಾಯುಪಡೆಯ ಹಿಡಿತಕ್ಕೆ ಬಂದಿತು. ಬೆಳ್ಳಂದೂರು ಕೆರೆಯ ನೀರಿನ ಮೇಲೆ ಕೆಟಲಿನಾ ಜಲವಿಮಾನಗಳು ಬಂದಿಳಿದು ರಿಪೇರಿಗೆ ಸಾಲುಗಟ್ಟಿದ ದಿನಗಳವು. ನೊರೆಗೆ ಹೆಸರಾದ ಆ ಕೆರೆಯನ್ನು ಬಲ್ಲ ಈಗಿನ ಬೆಂಗಳೂರಿಗರಿಗೆ ಇದು ಕಟ್ಟುಕತೆ ಎನಿಸಬಹುದು. ಸಾವಿರಾರು ಕಾರ್ಮಿಕರಿಗೆ ಕೈತುಂಬ ಕೆಲಸ ಸಿಕ್ಕಿತು, ವಿನ್ಯಾಸಕಾರನಿಗೆ ಮಾತ್ರ ಕೆಲಸ ಉಳಿಯಲಿಲ್ಲ.

ಕಾರ್ಖಾನೆಯಿಂದ ತರಗತಿಗೆ

ಘಾಟಗೆ ಈ ಹಿನ್ನಡೆಯ ಹೊತ್ತಿನಲ್ಲಿ ಮಾಡಿದ ಕೆಲಸ, ದೂರದ ಪರಿಣಾಮದಿಂದ ನೋಡಿದರೆ, ಅವರು ಕಟ್ಟಿದ ಯಾವ ವಿಮಾನಕ್ಕಿಂತಲೂ ಕಿರಿದಲ್ಲ. 1942ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ವಿಮಾನ ಎಂಜಿನಿಯರಿಂಗ್ ವಿಭಾಗ ಆರಂಭವಾಯಿತು. ಅದರ ಹೊಣೆ ಹೊತ್ತವರು ಘಾಟಗೆ. ದೇಶದಲ್ಲಿ ಆ ವಿಷಯಕ್ಕೆ ಮೀಸಲಾದ ಮೊದಲ ವಿಭಾಗವದು. ಮುಂದೆ ಅವರ ಸ್ಥಾನಕ್ಕೆ ಬಂದ ಟೀಟ್ಯೆನ್ಸ್ ಅವರೂ ಪ್ರಾಂಟ್ಲ್ ಶಿಷ್ಯರೇ. 1951ರಲ್ಲಿ ಸತೀಶ್ ಧವನ್ ಆ ವಿಭಾಗವನ್ನು ಸೇರಿ, ಕೆಲವು ವರ್ಷಗಳಲ್ಲಿ ಅದರ ಮುಖ್ಯಸ್ಥರಾದರು. ಗಟ್ಟಿಂಗೆನ್‌ನ ಪರಂಪರೆ ಮಲ್ಲೇಶ್ವರದ ಮಗ್ಗುಲಿನಲ್ಲಿ ಹೀಗೆ ಬೇರೂರಿತು.

ವಿಭಾಗಕ್ಕೆ ಬೇಕಾದ ಮೊದಲ ಉಪಕರಣವೇ ವಾಯುಸುರಂಗ. ಐದು ಅಡಿಗೆ ಏಳು ಅಡಿ ಅಳತೆಯ ಸುರಂಗವೊಂದು ಮಂದಿರದಲ್ಲಿ ಸಿದ್ಧವಾಯಿತು. ಪ್ರಾಂಟ್ಲ್ ರೂಢಿಗೆ ತಂದ, ಗಾಳಿಯು ಸುತ್ತುಹಾಕಿ ಮರಳಿ ಬರುವ ಮಾದರಿಯದು ಅದು. ಇಂಥ ಸುರಂಗದೊಳಗೆ ನಿಲ್ಲಿಸಲು ಬೇಕಾದ ಪುಟ್ಟ ವಿಮಾನಗಳನ್ನು ತಯಾರಿಸುವುದು ಎಂಥ ತಾಳ್ಮೆಯ ಕೆಲಸ ಎಂಬುದನ್ನು ಮಾಡಿದವರೇ ಬಲ್ಲರು. ಹದವಾಗಿ ಒಣಗಿದ ಮರವನ್ನು ಪದರಪದರವಾಗಿ ಅಂಟಿಸಬೇಕು. ಒಂದೇ ದಿಮ್ಮಿಯಾದರೆ ಮಳೆಗಾಲದ ತೇವಕ್ಕೆ ರೆಕ್ಕೆ ತಿರುಚಿಕೊಳ್ಳುತ್ತದೆ. ರೆಕ್ಕೆಯ ಅಡ್ಡಕೊಯ್ತದ ಆಕಾರಕ್ಕೆ ತಗಡಿನ ಅಚ್ಚುಗಳನ್ನು ಕತ್ತರಿಸಿ, ಅವುಗಳನ್ನು ಮರದ ಮೇಲಿಟ್ಟು ಬೆಳಕಿನೆದುರು ಹಿಡಿದು, ಸಂದಿನಲ್ಲಿ ಬೆಳಕು ಕಾಣದಷ್ಟು ಉಜ್ಜಬೇಕು. ಉಜ್ಜಿದುದು ಒಂದು ಎಳೆ ಹೆಚ್ಚಾದರೆ ಅಷ್ಟೂ ದಿನದ ಶ್ರಮ ವ್ಯರ್ಥ. ಎಡರೆಕ್ಕೆಯೂ ಬಲರೆಕ್ಕೆಯೂ ಕನ್ನಡಿಯ ಬಿಂಬದಂತಿರಬೇಕು. ಇಲ್ಲವಾದರೆ ತಕ್ಕಡಿ ತೋರಿಸುವ ಓಲಾಟ ವಿನ್ಯಾಸದ ದೋಷವೋ ಬಡಗಿಯ ದೋಷವೋ ತಿಳಿಯುವುದಿಲ್ಲ.

ಇದರಲ್ಲಿ ಹಿಂಜರಿದವರು ಎಲ್ಲ ದೇಶಗಳಲ್ಲಿಯೂ ಇದ್ದರು. ಎಡವಿ ಎದ್ದವರಲ್ಲಿ ರೈಟ್ ಸೋದರರದೇ ದೊಡ್ಡ ಹೆಸರು. 1901ರ ಬೇಸಿಗೆಯಲ್ಲಿ ಅವರ ಗ್ಲೈಡರ್ ಲೆಕ್ಕಹಾಕಿದಷ್ಟು ಎತ್ತುಬಲ ಕೊಡದೆ ನಿರಾಶೆ ಮಾಡಿತು. ಅವರು ಊರಿಗೆ ಮರಳಿ, ಆರಡಿ ಉದ್ದದ ಮರದ ಪೆಟ್ಟಿಗೆಯಲ್ಲಿ ಗಾಳಿಯೂದಿ, ಸುಮಾರು 200 ಪುಟ್ಟ ರೆಕ್ಕೆಗಳನ್ನು ಪರೀಕ್ಷಿಸಿದರು. 1903ರ ಹಾರಾಟದ ಹಿಂದೆ ಇದ್ದುದು ಆ ಪೆಟ್ಟಿಗೆಯೇ.

ರೈಲುಡಬ್ಬಿ ಮತ್ತು ರದ್ದಿ ವಿಮಾನ

ಯುದ್ಧ ಮುಗಿಯಿತು, ದೇಶ ಸ್ವತಂತ್ರವಾಯಿತು. ಬೆಂಗಳೂರಿನ ವಿಮಾನ ಕಾರ್ಖಾನೆಗೆ ಮಾತ್ರ ವಿಮಾನದ ಕೆಲಸವೇ ಕಡಿಮೆಯಾಯಿತು. ಕೆಲಸಗಾರರನ್ನು ಉಳಿಸಿಕೊಳ್ಳಲು ಅದು ರೈಲುಡಬ್ಬಿಗಳನ್ನೂ ಬಸ್ಸಿನ ಮೈಗಳನ್ನೂ ತಯಾರಿಸತೊಡಗಿತು. ಕಾನ್ಪುರದಲ್ಲಿ ಮತ್ತೆ ಹಾರದಂತೆ ಕೆಡಿಸಿ ಬಿಟ್ಟಿದ್ದ ಲಿಬರೇಟರ್ ಬಾಂಬರ್‌ಗಳಲ್ಲಿ ನಲವತ್ತಕ್ಕೂ ಹೆಚ್ಚನ್ನು ಹೇಗೋ ತೇಪೆ ಹಾಕಿ ಬೆಂಗಳೂರಿಗೆ ಹಾರಿಸಿ ತಂದು, ಇಲ್ಲಿ ಪೂರ್ಣ ದುರಸ್ತಿ ಮಾಡಿ ವಾಯುಪಡೆಗೆ ಒಪ್ಪಿಸಿದ ಸಾಹಸ ಇದೇ ಕಾಲದ್ದು. ಆ ಜೀರ್ಣವಿಮಾನಗಳನ್ನು ಹಾರಿಸಿ ತಂದವರು ಕಾರ್ಖಾನೆಯ ಪರೀಕ್ಷಾ ಪೈಲಟ್ ಜಮ್ಷೆಡ್ ಮುನ್ಷಿ.

1948ರಲ್ಲಿ ಘಾಟಗೆ ಮುಖ್ಯ ವಿನ್ಯಾಸಕಾರರಾಗಿ ಕಾರ್ಖಾನೆಗೆ ಮರಳಿದರು. ವಾಯುಪಡೆಯ ಹೊಸ ಪೈಲಟ್‌ಗಳು ಆಗ ಎರಡು ರೆಕ್ಕೆ ಜೋಡಿಗಳ, ಬಟ್ಟೆ ಹೊದಿಸಿದ ಟೈಗರ್ ಮಾತ್ ವಿಮಾನದಲ್ಲಿ ಅಕ್ಷರಾಭ್ಯಾಸ ಮಾಡುತ್ತಿದ್ದರು. ಅದರ ಜಾಗದಲ್ಲಿ ಪೂರ್ತಿ ಲೋಹದ, ಒಂದೇ ಜೋಡಿ ರೆಕ್ಕೆಯ ವಿಮಾನವೊಂದನ್ನು ತಾವೇ ರೂಪಿಸುವುದಾಗಿ ಘಾಟಗೆ ಮುಂದೆ ಬಂದರು. ಬ್ರಿಟನ್ನಿನ ಪ್ರೆಂಟಿಸ್ ವಿಮಾನವನ್ನು ಪರವಾನಗಿ ಪಡೆದು ಕಟ್ಟುವ ಕೆಲಸವೂ ಅದೇ ಕಾರ್ಖಾನೆಯಲ್ಲಿ ನಡೆದಿತ್ತು. ಹೊರಗಿನ ಸಿದ್ಧ ನಕ್ಷೆ ಕೈಯಲ್ಲಿರುವಾಗ ನಮ್ಮದೇ ನಕ್ಷೆಗೆ ಹಣ ಏಕೆ ಎಂಬ ಪ್ರಶ್ನೆ ಅಂದೂ ಇತ್ತು, ಅನಂತರದ ದಶಕಗಳಲ್ಲಿಯೂ ಅದು ಬೆಂಗಳೂರನ್ನು ಬಿಡಲಿಲ್ಲ. ಘಾಟಗೆ ಅವರ ತಂಡದಲ್ಲಿ ಹಿಂದೆ ಇಡೀ ವಿಮಾನವೊಂದನ್ನು ರೂಪಿಸಿದ ಅನುಭವವಿದ್ದವರು ಅವರನ್ನು ಬಿಟ್ಟರೆ ಇರಲಿಲ್ಲವೆಂದೇ ಹೇಳಬೇಕು. ಅವರದಾದರೂ ಎಂಜಿನ್ ಇಲ್ಲದ ಒಂದು ಗ್ಲೈಡರಿನ ಅನುಭವ.

ಮೂರು ವರ್ಷಗಳಲ್ಲಿ ಎಚ್‌ಟಿ-2 ಸಿದ್ಧವಾಯಿತು. 1951ರ ಆಗಸ್ಟ್‌ನಲ್ಲಿ ಮುನ್ಷಿ ಅದನ್ನು ಮೊದಲ ಬಾರಿಗೆ ಹಾರಿಸಿದರು. ರೆಕ್ಕೆಯ ತುದಿಯಿಂದ ತುದಿಗೆ 10.72 ಮೀಟರ್, ಉದ್ದ ಏಳೂವರೆ ಮೀಟರ್, ಗುರುವೂ ಶಿಷ್ಯನೂ ಒಬ್ಬರ ಹಿಂದೊಬ್ಬರು ಕೂರುವ ಎರಡು ಆಸನ. ಮೊದಲ ಮಾದರಿಗೆ ಜಿಪ್ಸಿ ಮೇಜರ್ ಎಂಜಿನ್ ಕೂರಿಸಿದ್ದರು. ಸಾಲು ತಯಾರಿಕೆಯ ವಿಮಾನಗಳಿಗೆ 155 ಅಶ್ವಶಕ್ತಿಯ ಸಿರಸ್ ಮೇಜರ್ ಎಂಜಿನ್ ಬಂದಿತು. ಗರಿಷ್ಠ ವೇಗ ಗಂಟೆಗೆ ಸುಮಾರು 209 ಕಿಲೋಮೀಟರ್. ಎಂಜಿನ್ ಮಾತ್ರ ವಿಲಾಯತಿಯದು, ಉಳಿದ ವಿನ್ಯಾಸವೆಲ್ಲ ಬೆಂಗಳೂರಿನದು.

ಗಿರಕಿಯ ಗಂಡಾಂತರ

ಎಚ್‌ಟಿ-2 ಕಲಿಯುವವರಿಗೆ ಸುಲಭವಾಗಿ ಒಲಿಯುವ ವಿಮಾನವಾಗಿರಲಿಲ್ಲ. ನೆಲ ಮುಟ್ಟುವಾಗ ಬಾಲಚಕ್ರದ ವಿಮಾನಗಳಿಗೆ ಸಹಜವಾದ ಅಡ್ಡ ತಿರುಗುವ ಚಾಳಿ ಇದಕ್ಕೂ ಇತ್ತು. ಗಿರಕಿಗೆ ಬಿದ್ದಾಗ ಅದು ತಪ್ಪನ್ನು ಮನ್ನಿಸುತ್ತಿರಲಿಲ್ಲ ಎಂಬ ಅಪಕೀರ್ತಿ ಅದಕ್ಕೆ ಅಂಟಿಕೊಂಡಿತು. ಇದರ ಗಾಂಭೀರ್ಯ ತಿಳಿಯಬೇಕಾದರೆ ಗಿರಕಿ ಎಂದರೇನೆಂದು ಸ್ವಲ್ಪ ವಿವರಿಸಬೇಕು.

ವಿಮಾನದ ಮೂತಿಯನ್ನು ಅತಿಯಾಗಿ ಎತ್ತಿ ವೇಗ ಕಳೆದುಕೊಂಡರೆ ರೆಕ್ಕೆಯ ಮೇಲಿನ ಗಾಳಿ ಕಿತ್ತುಹೋಗುತ್ತದೆ. ಒಂದು ರೆಕ್ಕೆ ಇನ್ನೊಂದಕ್ಕಿಂತ ಮೊದಲು ಸೋತಾಗ ವಿಮಾನ ಆ ಕಡೆಗೆ ಉರುಳಿ, ಮೇಪಲ್ ಬೀಜದಂತೆ ಸುತ್ತುತ್ತ ನೆಲದತ್ತ ಇಳಿಯತೊಡಗುತ್ತದೆ. ಬಾಲದ ಚುಕ್ಕಾಣಿಯನ್ನು ಎದುರು ದಿಕ್ಕಿಗೆ ತುಳಿದು, ಹಿಡಿಕೆಯನ್ನು ಮುಂದಕ್ಕೆ ನೂಕಿದರೆ ವಿಮಾನ ಚೇತರಿಸಿಕೊಳ್ಳಬೇಕು. ಚೇತರಿಕೆ ಎಷ್ಟು ಬೇಗ ಎಂಬುದು ಬಾಲದ ಆಕಾರ, ತೂಕ ಹಂಚಿಹೋದ ರೀತಿ ಇವುಗಳನ್ನು ಅವಲಂಬಿಸಿದೆ. ಆ ಕಾಲದಲ್ಲಿ ಇದನ್ನು ಕಾಗದದ ಮೇಲೆ ನಿಖರವಾಗಿ ಲೆಕ್ಕ ಹಾಕುವ ದಾರಿ ಯಾರ ಬಳಿಯೂ ಇರಲಿಲ್ಲ.

ಉಳಿದುದು ಮಾದರಿಗಳ ದಾರಿ. ಬ್ರಿಟನ್ ಮತ್ತು ಅಮೆರಿಕಗಳಲ್ಲಿ 1930ರ ದಶಕದಲ್ಲಿಯೇ ಗಾಳಿ ಕೆಳಗಿನಿಂದ ಮೇಲಕ್ಕೆ ಬೀಸುವ ಲಂಬಸುರಂಗಗಳು ಎದ್ದಿದ್ದವು. ಪುಟ್ಟ ಮಾದರಿಯನ್ನು ಅದರೊಳಗೆ ಸುತ್ತಿಸಿ ಎಸೆದು, ಅದು ಚೇತರಿಸಿಕೊಳ್ಳುವುದೇ ಎಂದು ನೋಡುವರು. ಇಲ್ಲಿ ಆಕಾರ ಹೋಲಿದರೆ ಸಾಲದು, ತೂಕವೂ ಹೋಲಬೇಕು. ತುಂಬಿದ ಎಚ್‌ಟಿ-2 ವಿಮಾನದ ತೂಕ ಸುಮಾರು ಒಂದು ಟನ್. ಅದರ ಹತ್ತನೇ ಒಂದರಷ್ಟು ಗಾತ್ರದ, ಒಂದು ಮೀಟರಿಗಿಂತ ತುಸು ಹೆಚ್ಚು ರೆಕ್ಕೆ ಚಾಚಿದ ಮಾದರಿಯ ತೂಕ ಸಾವಿರದಲ್ಲೊಂದು, ಅಂದರೆ ಒಂದೇ ಕಿಲೋ ಇರಬೇಕು. ಅದು ಕೂಡ ಎಲ್ಲೆಂದರಲ್ಲಿ ಇದ್ದರಾಗದು. ಸುತ್ತುವಿಕೆಗೆ ಒಡ್ಡುವ ಜಡತ್ವ ಲಕ್ಷದಲ್ಲೊಂದು ಪಾಲಿಗೆ ಸರಿಯಾಗಿ ಕೂರಬೇಕು. ಬಾಲದ ತುದಿಯಲ್ಲಿ ಒಂದು ಹನಿ ಅಂಟು ಹೆಚ್ಚಾದರೆ ಲೆಕ್ಕ ಕೆಡುತ್ತದೆ. ಜೊತೆಗೆ ಪುಟ್ಟ ಮಾದರಿ ಮೂರುಪಟ್ಟು ಚುರುಕಾಗಿ ಸುತ್ತುತ್ತದೆ. ನಿಜವಾದ ವಿಮಾನ ಮೂರು ಸೆಕೆಂಡಿನಲ್ಲಿ ಹಾಕುವ ಸುತ್ತನ್ನು ಅದು ಒಂದು ಸೆಕೆಂಡಿನಲ್ಲಿ ಮುಗಿಸುತ್ತದೆ, ಕಣ್ಣಿಗೆ ನಿಲುಕುವುದೇ ಇಲ್ಲ. ಇಷ್ಟೆಲ್ಲ ಸರಿಮಾಡಿದರೂ ಗೋಲಕ್ಕೆ ತಂತಿ ಸುತ್ತಿದ ಗುರುವಿನ ಎಚ್ಚರಿಕೆ ಹಾಗೆಯೇ ಉಳಿಯುತ್ತದೆ: ಮಾದರಿಯ ಮೇಲಿನ ಗಾಳಿ ವಿಮಾನದ ಮೇಲಿನ ಗಾಳಿಯಲ್ಲ. ಕೊನೆಯ ಪರೀಕ್ಷೆ ನಡೆಯುವುದು ಮನುಷ್ಯ ಕುಳಿತ ವಿಮಾನದಲ್ಲಿ, ಸಾವಿರಾರು ಅಡಿ ಎತ್ತರದಲ್ಲಿ.

ಅಪಕೀರ್ತಿಯ ನಡುವೆಯೂ ಎಚ್‌ಟಿ-2 ನಿಂತಿತು. 1950ರ ದಶಕದಿಂದ ವಾಯುಪಡೆಯ ಹೊಸ ಪೈಲಟ್‌ಗಳು ಅದರಲ್ಲಿಯೇ ಮೊದಲ ಪಾಠ ಕಲಿತರು. ಒಟ್ಟು 170ರಷ್ಟು ವಿಮಾನಗಳು ತಯಾರಾದವು. ಹೊಸದಾಗಿ ವಾಯುಪಡೆ ಕಟ್ಟುತ್ತಿದ್ದ ಆಫ್ರಿಕದ ಘಾನಾ ದೇಶ ಹನ್ನೆರಡನ್ನು ಕೊಂಡಿತು. ಬೀದರಿನ ಹಾರಾಟ ಶಾಲೆಯ ಆಕಾಶದಲ್ಲಿಯೂ ಎಚ್‌ಟಿ-2 ದಶಕಗಳ ಕಾಲ ಗುಂಯ್‌ಗುಟ್ಟಿತು. ಎಂಜಿನ್ ಹಳತಾದಾಗ ಅಮೆರಿಕದ ಲೈಕಮಿಂಗ್ ಎಂಜಿನ್ ಕೂರಿಸಿ ಮತ್ತೆ ಹಾರಿಸಿದರು. ಅದನ್ನು ಪಳಗಿಸಿದವನಿಗೆ ಮುಂದೆ ಯಾವ ವಿಮಾನವೂ ಕಷ್ಟವಲ್ಲ ಎಂಬ ನಂಬಿಕೆಯೂ ಪೈಲಟ್‌ಗಳಲ್ಲಿ ಬೆಳೆದಿತ್ತು. ವಿನ್ಯಾಸಕಾರನಿಗೆ ಇದು ಹೊಗಳಿಕೆಯೇ ಎಂಬುದು ಬೇರೆ ಪ್ರಶ್ನೆ.

ಟ್ಯಾಂಕ್ ಬಂದ ಮೇಲೆ

1956ರಲ್ಲಿ ಬೆಂಗಳೂರಿಗೆ ಇನ್ನೊಬ್ಬ ವಿನ್ಯಾಸಕಾರರು ಬಂದರು. ಜರ್ಮನಿಯ ಫೋಕೆವುಲ್ಫ್ 190 ಯುದ್ಧವಿಮಾನವನ್ನು ರೂಪಿಸಿ ಜಗತ್ಪ್ರಸಿದ್ಧರಾಗಿದ್ದ ಕುರ್ಟ್ ಟ್ಯಾಂಕ್ ಅವರು. ಶಬ್ದವೇಗವನ್ನು ಮೀರಬಲ್ಲ ಜೆಟ್ ಯುದ್ಧವಿಮಾನ ಬೇಕೆಂಬ ಸರ್ಕಾರದ ಹಂಬಲ ಅವರನ್ನೂ ಅವರ ಜರ್ಮನ್ ತಂಡವನ್ನೂ ಇಲ್ಲಿಗೆ ಕರೆತಂದಿತು. ಕಾರ್ಖಾನೆಯ ಹಣ, ಜನ, ಯಂತ್ರಗಳೆಲ್ಲ ಆ ಯೋಜನೆಯತ್ತ ಹರಿದವು. ಎಚ್‌ಟಿ-2 ಹಾರಿಸಿ ಐದೇ ವರ್ಷವಾಗಿದ್ದ ಮುಖ್ಯ ವಿನ್ಯಾಸಕಾರರ ಪಾಲಿಗೆ ಸಣ್ಣ ವಿಮಾನಗಳು ಉಳಿದವು.

ಆ ಜೆಟ್ ವಿಮಾನವೇ ಮಾರುತ್. ಅದರ ಕತೆಯಲ್ಲಿಯೂ ಮಾದರಿಯದೇ ಒಂದು ಸ್ವಾರಸ್ಯಕರ ಅಧ್ಯಾಯವಿದೆ. ಲೋಹದ ವಿಮಾನಕ್ಕೆ ಮುಂಚೆ ಅದೇ ಆಕಾರದ, ಅದೇ ಗಾತ್ರದ, ಎಂಜಿನ್ ಇಲ್ಲದ ಮರದ ಗ್ಲೈಡರೊಂದನ್ನು ಕಟ್ಟಿದರು. ಡಕೋಟಾ ವಿಮಾನ ಅದನ್ನು ಹಗ್ಗದಿಂದ ಎಳೆದೊಯ್ದು ಆಕಾಶದಲ್ಲಿ ಬಿಡುತ್ತಿತ್ತು. 1959ರಿಂದ ಅದು ಹಲವಾರು ಬಾರಿ ಹಾರಿ, ನಿಧಾನವೇಗದಲ್ಲಿ ವಿಮಾನ ಹೇಗೆ ವರ್ತಿಸೀತೆಂಬುದನ್ನು ತೋರಿಸಿಕೊಟ್ಟಿತು. ಅಳತೆ ಕುಗ್ಗಿಸದ ಮಾದರಿಯಾದ್ದರಿಂದ ಗಾಳಿಯ ಪದರದ ತಂಟೆ ಬಹುಮಟ್ಟಿಗೆ ತಪ್ಪಿತು. 1961ರ ಜೂನ್ 17ರಂದು ಸುರಂಜನ್ ದಾಸ್ ಮಾರುತ್ ವಿಮಾನವನ್ನು ಹಾರಿಸಿದರು. ಆಕಾರ ಅತ್ಯುತ್ತಮವಾಗಿದ್ದರೂ ತಕ್ಕ ಎಂಜಿನ್ ಸಿಗಲೇ ಇಲ್ಲ. 147 ವಿಮಾನಗಳ ನಂತರ ತಯಾರಿಕೆ ನಿಂತಿತು. 1970ರ ಜನವರಿಯಲ್ಲಿ ಅದರ ಸುಧಾರಿತ ರೂಪವನ್ನು ಪರೀಕ್ಷಿಸುವಾಗ ದಾಸ್ ಅವರು ಬೆಂಗಳೂರಿನಲ್ಲಿಯೇ ಪ್ರಾಣ ತೆತ್ತರು.

ಭಾರತದ ವಿಮಾನ ಚರಿತ್ರೆ ಬರೆದವರಲ್ಲಿ ಹೆಚ್ಚಿನವರು ಮಾರುತ್‌ಗೆ ಪುಟಗಟ್ಟಲೆ ಮೀಸಲಿಟ್ಟು ಘಾಟಗೆಯವರಿಗೆ ಒಂದೆರಡು ಸಾಲು ಬಿಡುತ್ತಾರೆ. ಇದು ನ್ಯಾಯವಲ್ಲ. ಅದೇ ವರ್ಷಗಳಲ್ಲಿ ಅವರ ಮೇಜಿನಿಂದ ಬಂದುದೇನು ಎಂದು ನೋಡಬೇಕು. 1958ರ ಸೆಪ್ಟೆಂಬರ್ 28ರಂದು ಪುಷ್ಪಕ್ ಹಾರಿತು. ಇಬ್ಬರು ಪಕ್ಕಪಕ್ಕದಲ್ಲಿ ಕೂರುವ, 90 ಅಶ್ವಶಕ್ತಿಯ, ಬಟ್ಟೆ ಹೊದಿಸಿದ ಹಗುರ ವಿಮಾನ ಅದು. ನೂರೈವತ್ತರಷ್ಟು ತಯಾರಾಗಿ ದೇಶದ ಹಾರಾಟ ಕ್ಲಬ್ಬುಗಳಲ್ಲಿ ಹಂಚಿಹೋದವು. ನಾಗರಿಕ ಪೈಲಟ್‌ಗಳ ಒಂದು ಇಡೀ ತಲೆಮಾರು ಅದರಲ್ಲಿ ಕಲಿಯಿತು. ಅದನ್ನೇ ಹಿಗ್ಗಿಸಿ, ಎರಡೂವರೆಪಟ್ಟು ಶಕ್ತಿಯ ಎಂಜಿನ್ ಕೂರಿಸಿ ರೂಪಿಸಿದ ಕೃಷಕ್ 1959ರಲ್ಲಿ ಹಾರಿತು. ಹಾರಿದ ಮೇಲೆ ಕೊಳ್ಳುವವರಿಲ್ಲದೆ ಮೂಲೆ ಸೇರಿತು. ಕೆಲವು ವರ್ಷಗಳ ತರುವಾಯ, ಗಡಿಯಲ್ಲಿ ಫಿರಂಗಿದಳಕ್ಕೆ ಗುರಿ ತೋರಿಸುವ ವಿಮಾನ ಸೇನೆಗೆ ಬೇಕಾದಾಗ, ಮೂಲೆಯಲ್ಲಿದ್ದ ವಿನ್ಯಾಸವನ್ನು ಹೊರತೆಗೆದರು. 1960ರ ದಶಕದ ನಡುವಿನಿಂದ ಕೃಷಕ್ ಸೇನೆಯಲ್ಲಿ ದುಡಿಯಿತು.

ಮೂರನೆಯದು ಕಿರಣ್, ಜೆಟ್ ತರಬೇತಿ ವಿಮಾನ. 1961ರಲ್ಲಿ ಘಾಟಗೆ ಅವರ ನೇತೃತ್ವದಲ್ಲಿ ಇದರ ವಿನ್ಯಾಸ ಆರಂಭವಾಯಿತು. ಕಾರ್ಖಾನೆಯ ಗಮನವೆಲ್ಲ ಮಾರುತ್ ಮೇಲಿದ್ದುದರಿಂದ ಕಿರಣ್ ಕೆಲಸ ಕುಂಟುತ್ತ ಸಾಗಿತು. ಘಾಟಗೆ ಮತ್ತು ಅವರ ಸಹಾಯಕ ರಾಜ್ ಮಹೀಂದ್ರ ಇದ್ದಷ್ಟು ಜನರಲ್ಲಿಯೇ ಅದನ್ನು ಮುಗಿಸಿದರು. 1964ರ ಸೆಪ್ಟೆಂಬರ್ 4ರಂದು ಕಿರಣ್ ಮೊದಲ ಬಾರಿಗೆ ಮೇಲೇರಿತು. ತಿಂಗಳು ಕಳೆಯುವಷ್ಟರಲ್ಲಿ, ಅಕ್ಟೋಬರ್ 1ರಂದು, ಕಂಪನಿಗೆ ಹಿಂದೂಸ್ತಾನ್ ಏರೋನಾಟಿಕ್ಸ್ ಎಂಬ ಹೊಸ ಹೆಸರು ಬಂದಿತು. 1965ರಲ್ಲಿ ಕೇಂದ್ರ ಸರ್ಕಾರ ಘಾಟಗೆ ಅವರಿಗೆ ಪದ್ಮಶ್ರೀ ನೀಡಿತು.

ಕಿರಣ್ ವಾಯುಪಡೆಗೆ ಸೇರತೊಡಗಿದುದು 1968ರಲ್ಲಿ. ಮುಂದೆ ಅದರ ಎರಡನೆಯ ರೂಪವೂ ಬಂದು, ಎರಡೂ ಸೇರಿ 250ರಷ್ಟು ತಯಾರಾದವು. 1996ರಿಂದ 2011ರವರೆಗೆ ಬೆಂಗಳೂರಿನ ಯಲಹಂಕದ ವೈಮಾನಿಕ ಪ್ರದರ್ಶನಗಳಲ್ಲಿ ಒಂಬತ್ತು ವಿಮಾನಗಳು ರೆಕ್ಕೆಗೆ ರೆಕ್ಕೆ ತಾಗುವಷ್ಟು ಹತ್ತಿರ ಹಾರಿ ಜನರ ಉಸಿರು ಬಿಗಿಹಿಡಿಸುತ್ತಿದ್ದ ಸೂರ್ಯಕಿರಣ್ ತಂಡ ಬಳಸುತ್ತಿದ್ದುದು ಈ ವಿಮಾನವನ್ನೇ. ಅದನ್ನು ನೋಡಿ ಚಪ್ಪಾಳೆ ತಟ್ಟಿದ ಲಕ್ಷಾಂತರ ಜನರಲ್ಲಿ ಅದರ ವಿನ್ಯಾಸಕಾರರ ಹೆಸರು ಕೇಳಿದ್ದವರು ಎಷ್ಟು ಜನವೋ.

ಘಾಟಗೆ ಅದನ್ನು ನೋಡಲು ಇರಲಿಲ್ಲ. 1991ರ ಡಿಸೆಂಬರ್ 6ರಂದು, 83ನೆಯ ವಯಸ್ಸಿನಲ್ಲಿ, ಅವರು ನಿಧನರಾದರು. ಭಾರತೀಯ ವೈಮಾನಿಕ ಸೊಸೈಟಿ ಅವರ ಹೆಸರಿನಲ್ಲಿ ಪ್ರಶಸ್ತಿಯೊಂದನ್ನು ಸ್ಥಾಪಿಸಿದೆ. ಬೆಂಗಳೂರಿನ ಎಚ್‌ಎಎಲ್ ಪ್ರದೇಶದಲ್ಲಿ ಡಾ. ಘಾಟಗೆ ಹೆಸರಿನ ಸಮಾವೇಶ ಭವನವೂ ಇದೆ.